ನಿಕೊಲಾ ಟೆಸ್ಲಾ: ಜೀವನವೂ ಕಿಡಿಯಂತ್ರವೂ

1902ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿಗಳ ದೂರವನ್ನು ತಂತಿಯ ಮೂಲಕ ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನವು ಕೈಕೊಂಡ ಈ ಕಾರ್ಯದ ಬಗ್ಗೆ ನಾವು ಹೆಮ್ಮೆಪಡುವುದು ಸಹಜವೇ ಆಗಿದೆ. ಆದರೆ ಅಷ್ಟು ದೂರ ಶಕ್ತಿಯನ್ನು ಸಾಗಿಸಲು ಸಾಧ್ಯವಾದುದು ಬಹುಕಲಾ ಪರ್ಯಾಯ ಪ್ರವಾಹವೆಂಬ ಪದ್ಧತಿಯಿಂದ ಎಂಬುದನ್ನೂ, ಆ ಪದ್ಧತಿಯ ಮೂಲಪುರುಷರಲ್ಲಿ ಅಗ್ರಗಣ್ಯನಾದವನು ಯಾರೆಂಬುದನ್ನೂ ನಮ್ಮಲ್ಲಿ ಅನೇಕರು ವಿಚಾರಿಸಿಲ್ಲ. ಆತನ ಹೆಸರು ನಿಕೊಲಾ ಟೆಸ್ಲಾ. ಹೆಸರನ್ನು ಕೇಳಿದವರಲ್ಲಿಯೂ ಕೆಲವರು ಆತನನ್ನು ಮಾಂತ್ರಿಕನೆಂದು ಬಗೆದು ಕೈಮುಗಿಯುತ್ತಾರೆ. ಮತ್ತೆ ಕೆಲವರು ಹುಚ್ಚು ಕನಸುಗಾರನೆಂದು ತಳ್ಳಿಹಾಕುತ್ತಾರೆ. ಈ ಎರಡು ಭಾವನೆಗಳೂ ತಪ್ಪೆಂದು ನಮ್ಮ ಅಭಿಪ್ರಾಯ. ಆದುದರಿಂದ ಆತನ ಜೀವನವನ್ನೂ, ಆತನ ಹೆಸರನ್ನು ಹೊತ್ತಿರುವ ಕಿಡಿಯಂತ್ರದ ಮರ್ಮವನ್ನೂ ವಾಚಕರ ಮುಂದಿಡುತ್ತೇವೆ.

ಟೆಸ್ಲಾ 1856ನೆಯ ಇಸವಿ ಜುಲೈ 10ರಂದು ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ ಜನಿಸಿದನು. ಈಗ ಕ್ರೊಯೇಷಿಯಾ ದೇಶಕ್ಕೆ ಸೇರಿರುವ ಆ ಹಳ್ಳಿಯು ಅಂದು ಆಸ್ಟ್ರಿಯ ಸಾಮ್ರಾಜ್ಯದ ಗಡಿಸೀಮೆಯಲ್ಲಿತ್ತು. ಮನೆತನವು ಸರ್ಬಿಯನ್ ಜನಾಂಗದ್ದು. ತಂದೆ ಮಿಲುಟಿನ್ ಆರ್ಥೊಡಾಕ್ಸ್ ಕ್ರೈಸ್ತ ಪುರೋಹಿತ. ತಾಯಿಗೆ ಶಾಲೆಯ ವಿದ್ಯೆ ಇರಲಿಲ್ಲ. ಆದರೂ ಆಕೆಯು ಮನೆಗೆಲಸದ ಉಪಕರಣಗಳನ್ನು ಸ್ವಂತ ಬುದ್ಧಿಯಿಂದ ಮಾಡಿಕೊಳ್ಳುತ್ತಿದ್ದಳು. ತನ್ನ ಜನರ ವೀರಗೀತೆಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದಳು. ತನ್ನ ಕಲ್ಪನಾಶಕ್ತಿಯೂ ಜ್ಞಾಪಕಶಕ್ತಿಯೂ ತಾಯಿಯಿಂದ ಬಂದುವೆಂದು ಟೆಸ್ಲಾ ಕೊನೆಯವರೆಗೂ ನಂಬಿದ್ದನು. ಅಣ್ಣನು ಬಾಲ್ಯದಲ್ಲಿಯೇ ಕುದುರೆಯ ಅಪಘಾತದಿಂದ ಸತ್ತನು. ಉಳಿದ ಒಬ್ಬ ಮಗನು ತನ್ನಂತೆ ಪುರೋಹಿತನಾಗಬೇಕೆಂದು ತಂದೆಯ ಇಚ್ಛೆ. ಕಾರ್ಲೊವಾಟ್ಸ್ ಪಟ್ಟಣದಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ 1873ರಲ್ಲಿ ಊರಿಗೆ ಬಂದ ಹುಡುಗನಿಗೆ ಕಾಲರಾ ತಗಲಿತು. ಬದುಕುವ ಆಸೆಯೇ ಇರಲಿಲ್ಲ. ಗುಣವಾದರೆ ಯಂತ್ರಶಾಸ್ತ್ರವನ್ನು ಓದಿಸುವೆನೆಂದು ತಂದೆಯು ರೋಗಿಯ ಪಕ್ಕದಲ್ಲಿ ಮಾತು ಕೊಟ್ಟನು. ಮಗನು ಗುಣವಾದ ಮೇಲೆ ಆ ಮಾತನ್ನು ಉಳಿಸಿಕೊಂಡನು.

1875ರಲ್ಲಿ ಟೆಸ್ಲಾ ಗ್ರಾಟ್ಸ್ ನಗರದ ತಾಂತ್ರಿಕ ವಿದ್ಯಾಲಯವನ್ನು ಸೇರಿದನು. ಅಲ್ಲಿ ಗ್ರಾಮ್ ಎಂಬವನು ನಿರ್ಮಿಸಿದ್ದ ಡೈನಮೋ ಯಂತ್ರವನ್ನು ಪಾಠಕ್ಕಾಗಿ ತಿರುಗಿಸುತ್ತಿದ್ದಾಗ ಅದರ ಕುಂಚಗಳಲ್ಲಿ ಕಿಡಿಗಳು ಹಾರುತ್ತಿದ್ದವು. ಪ್ರವಾಹದ ದಿಕ್ಕನ್ನು ಬದಲಿಸುವ ಆ ಭಾಗವಿಲ್ಲದೆಯೇ ಯಂತ್ರವನ್ನು ನಡೆಸಬಹುದೆಂದು ವಿದ್ಯಾರ್ಥಿಗೆ ಹೊಳೆಯಿತು. ಅದು ಅಸಾಧ್ಯವೆಂದು ಅಧ್ಯಾಪಕರು ತರಗತಿಯಲ್ಲಿಯೇ ವಾದಿಸಿದರು. ಪದವಿಯನ್ನು ಪಡೆಯದೆಯೇ ಟೆಸ್ಲಾ ಗ್ರಾಟ್ಸನ್ನು ಬಿಟ್ಟನು. ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. 1882ರಲ್ಲಿ ಬುಡಾಪೆಸ್ಟ್ ನಗರದ ಉದ್ಯಾನದಲ್ಲಿ ಸ್ನೇಹಿತನೊಡನೆ ತಿರುಗಾಡುತ್ತಿದ್ದಾಗ ಅದಕ್ಕೆ ಉತ್ತರ ದೊರೆಯಿತು. ಒಂದರ ಹಿಂದೆ ಒಂದು ತಡವಾಗಿ ಏರಿಳಿಯುವ ಎರಡು ಪರ್ಯಾಯ ಪ್ರವಾಹಗಳನ್ನು ಸುತ್ತಲಿನ ಸುರುಳಿಗಳಿಗೆ ಹರಿಸಿದರೆ ಕಾಂತಕ್ಷೇತ್ರವು ತಾನೇ ತಿರುಗುವುದು. ಅದರ ಹಿಂದೆ ಯಂತ್ರದ ಅಚ್ಚು ತಿರುಗುವುದು. ಕುಂಚವೂ ಬೇಡ, ಕಿಡಿಯೂ ಇಲ್ಲ. ಇಟಲಿಯ ಫೆರಾರಿಸ್ ಎಂಬ ವಿದ್ವಾಂಸನೂ ಇದೇ ತತ್ವವನ್ನು ಸ್ವತಂತ್ರವಾಗಿ ಕಂಡುಕೊಂಡು 1888ರಲ್ಲಿ ಪ್ರಕಟಿಸಿದನೆಂಬುದನ್ನು ನ್ಯಾಯಕ್ಕಾಗಿ ಇಲ್ಲಿ ಹೇಳಬೇಕು.

ಪ್ಯಾರಿಸಿನ ಎಡಿಸನ್ ಸಂಸ್ಥೆಯಲ್ಲಿ ಕೆಲಸಮಾಡಿ, 1884ರಲ್ಲಿ ಟೆಸ್ಲಾ ಅಮೆರಿಕೆಗೆ ಹೋದನು. ನ್ಯೂಯಾರ್ಕಿನಲ್ಲಿ ಎಡಿಸನ್ನನ ಕಾರ್ಖಾನೆಯಲ್ಲಿ ಸುಮಾರು ಆರು ತಿಂಗಳು ದುಡಿದು ಬೇರೆಯಾದನು. ಆತನ ಹೆಸರಿನಲ್ಲಿ ಹುಟ್ಟಿದ ಮೊದಲನೆಯ ಕಂಪನಿಯ ಬಂಡವಾಳಗಾರರು ದೀಪದ ಕೆಲಸವನ್ನು ಮಾಡಿಸಿಕೊಂಡು ಆತನನ್ನು ಹೊರಗೆ ಹಾಕಿದರು. 1886–87ರ ಚಳಿಗಾಲದಲ್ಲಿ ಈ ಮೇಧಾವಿಯು ದಿನಕ್ಕೆ ಎರಡು ಡಾಲರ್ ಕೂಲಿಗೆ ಕಾಲುವೆ ತೋಡಿದನು. 1887ರಲ್ಲಿ ಹೊಸ ಪ್ರಯೋಗಶಾಲೆ ದೊರೆಯಿತು. 1888ರ ಮೇ ತಿಂಗಳಲ್ಲಿ ಆತನ ಪೇಟೆಂಟುಗಳೂ, ಅಮೆರಿಕದ ವಿದ್ಯುತ್ ಇಂಜಿನಿಯರುಗಳ ಸಂಘದ ಮುಂದೆ ಮಾಡಿದ ಉಪನ್ಯಾಸವೂ ಲೋಕದ ಕಣ್ಣು ತೆರೆಸಿದವು. ವೆಸ್ಟಿಂಗ್‌ಹೌಸ್ ಆ ಹಕ್ಕುಗಳನ್ನು ಪಡೆದನು. 1893ರ ಚಿಕಾಗೋ ಪ್ರದರ್ಶನವು ಪರ್ಯಾಯ ಪ್ರವಾಹದಿಂದ ಬೆಳಗಿತು. 1896ರ ನವೆಂಬರ್ ತಿಂಗಳಲ್ಲಿ ನಯಾಗರಾ ಜಲಪಾತದ ಶಕ್ತಿಯು ಬಫಲೋ ನಗರಕ್ಕೆ ಹರಿಯಿತು. ಆರು ವರ್ಷಗಳೊಳಗೆ ಅದೇ ಮಾರ್ಗವು ಕಾವೇರಿಗೂ ಬಂದಿತು.

ಇಷ್ಟರಿಂದಲೇ ಆತನ ಕೀರ್ತಿ ಶಾಶ್ವತವಾಗುತ್ತಿತ್ತು. ಆದರೆ ಟೆಸ್ಲಾನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಕಿಡಿಯನ್ನು ಯಂತ್ರದಿಂದ ಹೊರಗೆ ಓಡಿಸಿದ ಆತನೇ ಈಗ ಕಿಡಿಯನ್ನು ಕೆಲಸಕ್ಕೆ ಕರೆತಂದನು. ಜರ್ಮನಿಯ ಹರ್ಟ್ಸನು ವಿದ್ಯುತ್ತರಂಗಗಳನ್ನು ಪ್ರಯೋಗದಿಂದ ಸಿದ್ಧಪಡಿಸಿದ್ದ ವಾರ್ತೆಯನ್ನು ಟೆಸ್ಲಾ 1889ರಲ್ಲಿ ಪ್ಯಾರಿಸಿಗೆ ಹೋದಾಗ ಅರಿತನು. ಅತಿವೇಗದ ಕಂಪನಗಳನ್ನು ಪಡೆಯಲು ಆತನು ಮೊದಲು ನೂರಾರು ಧ್ರುವಗಳುಳ್ಳ ಡೈನಮೋಗಳನ್ನು ಕಟ್ಟಿಸಿದನು. ಸೆಕೆಂಡಿಗೆ ಹತ್ತಿಪ್ಪತ್ತು ಸಾವಿರ ಕಂಪನಗಳಿಗೆ ಮೇಲೆ ಯಂತ್ರವನ್ನು ಓಡಿಸುವುದು ಕಷ್ಟವಾಯಿತು. ಆ ಪ್ರವಾಹವನ್ನು ಸಾಮಾನ್ಯ ಇಂಡಕ್ಷನ್ ಸುರುಳಿಗೆ ಕೊಟ್ಟರೆ ಒಳಗಿನ ಕಬ್ಬಿಣವು ಕಾದು ಸುರುಳಿಯ ಹೊದಿಕೆಯು ಕರಗಿತು. ಆಗ ಆತನು ಕಬ್ಬಿಣವನ್ನು ತೆಗೆದು ಗಾಳಿಯನ್ನೇ ನಡುವೆ ಇಟ್ಟನು. ಡೈನಮೋ ಮಾಡಲಾರದ ಕೆಲಸವನ್ನು ಕಂಡೆನ್ಸರಿಗೂ ಕಿಡಿಗೂ ಒಪ್ಪಿಸಿದನು. ಇಂದಿನವರು ಕೆಪಾಸಿಟರೆಂದು ಕರೆಯುವ ಕಂಡೆನ್ಸರು ಕಿಡಿಯ ಮೂಲಕ ಖಾಲಿಯಾಗುವಾಗ ಪ್ರವಾಹವು ಒಂದೇ ದಿಕ್ಕಿನಲ್ಲಿ ಹರಿಯದೆ ಹಿಂದೆ ಮುಂದೆ ತೂಗಾಡುವುದೆಂಬುದನ್ನು ಅಮೆರಿಕದ ಜೋಸೆಫ್ ಹೆನ್ರಿಯು 1842ರಷ್ಟು ಹಿಂದೆಯೇ ಊಹಿಸಿದ್ದನು. ಲಾರ್ಡ್ ಕೆಲ್ವಿನ್ನನು 1853ರಲ್ಲಿ ಗಣಿತದಿಂದ ತೋರಿಸಿದ್ದನು. ಇತರರು ವಿಚಿತ್ರವೆಂದು ನೋಡಿದ್ದನ್ನು ಟೆಸ್ಲಾ ಶಕ್ತಿಯ ಸಾಧನವನ್ನಾಗಿ ಮಾಡಿದನು. 1891ರ ಏಪ್ರಿಲ್ ತಿಂಗಳಲ್ಲಿ ಸಲ್ಲಿಸಿ ಜೂನ್ ತಿಂಗಳಲ್ಲಿ ಪಡೆದ ಪೇಟೆಂಟಿನಲ್ಲಿ ಈ ರಚನೆಯ ವಿವರಣೆಯಿದೆ.

ಅದರ ಮರ್ಮವನ್ನು ನಮ್ಮ ಕೆರೆಯ ದೃಷ್ಟಾಂತದಿಂದ ತಿಳಿಯಬಹುದು. ಸಣ್ಣ ತೊರೆಯೊಂದು ಬಹಳ ಹೊತ್ತು ಹರಿದು ಕೆರೆಯನ್ನು ತುಂಬಿಸುತ್ತದೆ. ತೂಬನ್ನು ಒಮ್ಮೆಲೇ ಎತ್ತಿದರೆ ಅದೇ ನೀರು ಪ್ರಚಂಡವಾಗಿ ನುಗ್ಗುತ್ತದೆ. ಇಲ್ಲಿ ತೊರೆಯೆಂದರೆ ಟ್ರಾನ್ಸ್‌ಫಾರ್ಮರಿನಿಂದ ಬರುವ ಪ್ರವಾಹ, ಕೆರೆಯೆಂದರೆ ಕಂಡೆನ್ಸರು, ತೂಬೆಂದರೆ ಎರಡು ಲೋಹದ ಗುಂಡುಗಳ ನಡುವಣ ಕಿಡಿ ಹಾರುವ ಎಡೆ, ಅಂದರೆ ಸ್ಪಾರ್ಕ್ ಗ್ಯಾಪು. ಲೆಕ್ಕವನ್ನು ನೋಡಿರಿ. 0.01 ಮೈಕ್ರೊಫ್ಯಾರಡ್ ಅಳತೆಯ ಕಂಡೆನ್ಸರನ್ನು 10,000 ವೋಲ್ಟಿಗೆ ತುಂಬಿದರೆ ಅದರಲ್ಲಿ ನಿಲ್ಲುವ ಶಕ್ತಿ ಅರ್ಧ ಜೂಲ್ ಮಾತ್ರ. ಸೆಕೆಂಡಿಗೆ 50 ಆವರ್ತನಗಳುಳ್ಳ ಪ್ರವಾಹದಿಂದ ಪ್ರತಿಯೊಂದು ಅರ್ಧ ಆವರ್ತನಕ್ಕೂ ಒಮ್ಮೆ ತುಂಬುತ್ತ ಹೋದರೆ ಸೆಕೆಂಡಿಗೆ ನೂರು ಸಲವಾಯಿತು. ಒಟ್ಟು 50 ವ್ಯಾಟ್, ಒಂದು ದೀಪದ ಖರ್ಚು. ಇದಕ್ಕೆ 63 ಮೈಕ್ರೊಹೆನ್ರಿಯ ಸುರುಳಿಯನ್ನು ಕೂಡಿಸಿದರೆ ಸೆಕೆಂಡಿಗೆ ಸುಮಾರು 2 ಲಕ್ಷ ಕಂಪನಗಳಾಗುತ್ತವೆ. ಕಂಪನದ ಮೊದಲ ಕಾಲುಭಾಗದಲ್ಲಿ, ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೂಕಾಲು ಭಾಗದಲ್ಲಿ, ಆ ಅರ್ಧ ಜೂಲ್ ಕಂಡೆನ್ಸರಿನಿಂದ ಸುರುಳಿಗೆ ಹಾಯುತ್ತದೆ. ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ ಆ ಕ್ಷಣದ ವೇಗವು 4 ಲಕ್ಷ ವ್ಯಾಟ್. ಹೊಸ ಶಕ್ತಿಯೇನೂ ಹುಟ್ಟಲಿಲ್ಲ. ಕಾಲವನ್ನು ಸಂಕೋಚಿಸಿದ್ದೇ ಇಲ್ಲಿಯ ಚಮತ್ಕಾರ.

ಇನ್ನು ಕಂಡೆನ್ಸರನ್ನೂ ಸ್ಪಾರ್ಕ್ ಗ್ಯಾಪನ್ನೂ ಎಲ್ಲಿ ಇಡಬೇಕೆಂಬ ಪ್ರಶ್ನೆ. ಟ್ರಾನ್ಸ್‌ಫಾರ್ಮರಿನ ಎರಡು ತುದಿಗಳಿಗೆ ಅಡ್ಡಲಾಗಿ ಕಂಡೆನ್ಸರನ್ನು ಕಟ್ಟಿ, ಗ್ಯಾಪನ್ನು ಪ್ರಥಮ ಸುರುಳಿಯೊಡನೆ ಒಂದೇ ಸಾಲಿನಲ್ಲಿ ಇಡುವುದು ಒಂದು ಕ್ರಮ. ಗ್ಯಾಪನ್ನೇ ಅಡ್ಡಲಾಗಿ ಕಟ್ಟಿ, ಕಂಡೆನ್ಸರನ್ನು ಸುರುಳಿಯೊಡನೆ ಸಾಲಿನಲ್ಲಿ ಇಡುವುದು ಮತ್ತೊಂದು ಕ್ರಮ. ಎರಡನೆಯದರಲ್ಲಿ ಕಂಡೆನ್ಸರು ಸುರುಳಿಯ ಮೂಲಕವೇ ತುಂಬಬೇಕಾದರೂ, ಕೆಲವೇ ಸುತ್ತುಗಳ ಆ ಸುರುಳಿಯು ನಿಧಾನವಾದ ಪ್ರವಾಹಕ್ಕೆ ಅಡ್ಡಿಯೆನಿಸುವುದಿಲ್ಲ. ಕಿಡಿ ಹಾರಿದ ಕ್ಷಣದಲ್ಲಿ ಎರಡು ಕ್ರಮಗಳಲ್ಲಿಯೂ ಕಂಡೆನ್ಸರು, ಕಿಡಿ, ಸುರುಳಿ ಈ ಮೂರೂ ಒಂದೇ ಬಳೆಯಾಗುತ್ತವೆ. ಕಂಪನದಲ್ಲಿ ಭೇದವೇನೂ ಕಾಣದು. ಹಾಗಾದರೆ ಯಾವುದಾದರೇನು ಎಂದು ಕೇಳುವವರಿಗೆ ಉತ್ತರವು ಟ್ರಾನ್ಸ್‌ಫಾರ್ಮರಿನ ಕಡೆಯಲ್ಲಿದೆ. ಮೊದಲನೆಯ ಕ್ರಮದಲ್ಲಿ ಅದರ ತುದಿಗಳು ಕಂಡೆನ್ಸರಿಗೆ ಅಂಟಿಕೊಂಡಿರುವುದರಿಂದ, ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹಿಂದುಮುಂದಾಗುವ ಸಾವಿರಾರು ವೋಲ್ಟುಗಳ ಪೆಟ್ಟು ಅದರ ನವುರಾದ ತಂತಿಗಳ ಮೇಲೆ ಬೀಳುತ್ತದೆ. ಎರಡನೆಯ ಕ್ರಮದಲ್ಲಿ ಅದೇ ತುದಿಗಳಿಗೆ ಅಡ್ಡವಾಗಿ ನಿಂತಿರುವುದು ಉರಿಯುವ ಕಿಡಿ. ಉರಿಯುವಾಗ ಕಿಡಿಯು ಹೆಚ್ಚು ಕಡಿಮೆ ತಂತಿಯಂತೆಯೇ ಇರುವುದರಿಂದ ಟ್ರಾನ್ಸ್‌ಫಾರ್ಮರಿಗೆ ಆ ಪೆಟ್ಟು ಬಹುಮಟ್ಟಿಗೆ ತಪ್ಪುತ್ತದೆ. ಆದಕಾರಣ ಈಗಿನ ಅನುಭವಸ್ಥರು ಸಾಮಾನ್ಯವಾಗಿ ಗ್ಯಾಪನ್ನೇ ಅಡ್ಡಲಾಗಿ ಕಟ್ಟುತ್ತಾರೆ. ಕಾಗದದ ಮೇಲೆ ಎರಡು ಗೆರೆಗಳ ಸ್ಥಾನಪಲ್ಲಟ. ವ್ಯವಹಾರದಲ್ಲಿ ಯಂತ್ರದ ಅಳಿವು ಉಳಿವು.

ಕಿಡಿಯನ್ನು ಹೊತ್ತಿಸಿದರೆ ಸಾಲದು, ಸಮಯಕ್ಕೆ ಆರಿಸಲೂ ಬೇಕು. ಪ್ರಥಮ ಸುರುಳಿಯ ಪಕ್ಕದಲ್ಲಿ ನಿಂತ ಅನೇಕ ಸುತ್ತುಗಳ ದ್ವಿತೀಯ ಸುರುಳಿಯನ್ನು ಅದೇ ಕಂಪನಕ್ಕೆ ಹೊಂದಿಸಿದ್ದರೆ, ಉಯ್ಯಾಲೆಯನ್ನು ಅದರ ಲಯವರಿತು ತಳ್ಳಿದಂತೆ, ಶಕ್ತಿಯು ಕೆಲವೇ ಕಂಪನಗಳಲ್ಲಿ ಅದಕ್ಕೆ ಸಾಗುತ್ತದೆ. ಆಗ ಕಿಡಿಯು ಆರದಿದ್ದರೆ ಆ ಶಕ್ತಿಯು ಬಂದ ದಾರಿಯಿಂದಲೇ ಹಿಂದಿರುಗಿ ಕಿಡಿಯ ಕಾವಿನಲ್ಲಿ ಹಾಳಾಗುತ್ತದೆ. ಇದನ್ನು ತಪ್ಪಿಸಲು ಟೆಸ್ಲಾ ಅಯಸ್ಕಾಂತದಿಂದ ಕಿಡಿಯನ್ನು ಪಕ್ಕಕ್ಕೆ ಎಳೆದು ಕಡಿದನು, ಗಾಳಿಯನ್ನು ಊದಿಸಿದನು, ಒಂದು ದೊಡ್ಡ ಎಡೆಯ ಬದಲು ಅನೇಕ ಸಣ್ಣ ಎಡೆಗಳನ್ನು ಸಾಲಾಗಿ ಇಟ್ಟನು, ಮುಂದೆ ತಿರುಗುವ ಚಕ್ರದ ಗ್ಯಾಪನ್ನೂ ಬಳಸಿದನು. ದ್ವಿತೀಯ ಸುರುಳಿಯ ವೋಲ್ಟು ಸುತ್ತುಗಳ ಸಂಖ್ಯೆಯಿಂದ ಮಾತ್ರ ಏರುವುದೆಂಬ ಭಾವನೆಯೂ ಸರಿಯಲ್ಲ. ದ್ವಿತೀಯದ ಧಾರಣಶಕ್ತಿಯು ಪ್ರಥಮದ ಕಂಡೆನ್ಸರಿಗಿಂತ 400 ಪಾಲು ಕಡಮೆಯಾಗಿದ್ದರೆ, ಶಕ್ತಿಯು ನಷ್ಟವಿಲ್ಲದೆ ಸಾಗಿದಲ್ಲಿ ವೋಲ್ಟು 20 ಪಾಲು ಹೆಚ್ಚುವುದು; 10,000 ಹೋಗಿ 2 ಲಕ್ಷವಾಗುವುದು. ತುಂಬಿದ ಕಂಡೆನ್ಸರು ಪ್ರಾಣವನ್ನು ತೆಗೆಯಬಲ್ಲುದೆಂದೂ, ಬಲ್ಲವರ ಸಹಾಯವಿಲ್ಲದೆ ಇದನ್ನು ಮುಟ್ಟಬಾರದೆಂದೂ ತರುಣ ವಾಚಕರಿಗೆ ಎಚ್ಚರಿಕೆ ಹೇಳುವುದು ನಮ್ಮ ಕರ್ತವ್ಯ.

1891ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ, 1892ರಲ್ಲಿ ಲಂಡನ್ ಮತ್ತು ಪ್ಯಾರಿಸಿನಲ್ಲಿ, 1893ರಲ್ಲಿ ಫಿಲಡೆಲ್ಫಿಯಾ ಮತ್ತು ಸೇಂಟ್ ಲೂಯಿಸಿನಲ್ಲಿ ಟೆಸ್ಲಾ ಈ ಪ್ರವಾಹಗಳನ್ನು ಪ್ರದರ್ಶಿಸಿದನು. ತಂತಿಯ ಸಂಬಂಧವಿಲ್ಲದ ಗಾಜಿನ ಕೊಳವೆಗಳು ಆತನ ಕೈಯಲ್ಲಿ ಬೆಳಗಿದವು. ಯೂರೋಪಿನ ಆ ಪ್ರವಾಸದ ನಡುವೆಯೇ ತಾಯಿಯು ತೀರಿಕೊಂಡಳು. 1895ರ ಮಾರ್ಚ್ 13ರಂದು ಪ್ರಯೋಗಶಾಲೆಯು ಸುಟ್ಟು ಬೂದಿಯಾಗಿ ಅನೇಕ ವರ್ಷಗಳ ಶ್ರಮವು ಒಂದು ರಾತ್ರಿಯಲ್ಲಿ ಹೋಯಿತು. ಆದರೂ ಎದೆಗುಂದದೆ 1898ರಲ್ಲಿ ತಂತಿಯಿಲ್ಲದೆ ದೂರದಿಂದ ನಡೆಸುವ ದೋಣಿಯನ್ನು ತೋರಿಸಿದನು. 1899ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಬೆಟ್ಟದ ಊರಿಗೆ ಹೋಗಿ ಸುಮಾರು 50 ಅಡಿ ಅಗಲದ ಸುರುಳಿಯನ್ನು ಕಟ್ಟಿದನು. ಉಪ್ಪುನೀರು ತುಂಬಿದ ಸೀಸೆಗಳೇ ಅಲ್ಲಿ ಆತನ ಕಂಡೆನ್ಸರು. ಮಿಂಚುಗಳ ಕೆಳಗೆ ಆತನು ಶಾಂತನಾಗಿ ಕುಳಿತು ಓದುತ್ತಿರುವ ಪ್ರಸಿದ್ಧ ಛಾಯಾಚಿತ್ರವು ಒಂದೇ ಫಲಕದ ಮೇಲೆ ಎರಡು ಸಲ ತೆಗೆದದ್ದು; ಕಿಡಿಗಳು ಹಾರುವಾಗ ಆತನು ಆ ಕುರ್ಚಿಯಲ್ಲಿರಲಿಲ್ಲ. ಮಹಾಪುರುಷರ ವಿಷಯದಲ್ಲಿಯೂ ಸತ್ಯವನ್ನೇ ಹೇಳಬೇಕಲ್ಲವೆ?

1901ರಲ್ಲಿ ಲಾಂಗ್ ಐಲೆಂಡಿನ ವಾರ್ಡನ್‌ಕ್ಲಿಫ್ ಎಂಬಲ್ಲಿ, ಮಾರ್ಗನ್ ಎಂಬ ಧನಾಧಿಪತಿಯು ಒಪ್ಪಿಕೊಂಡ 1,50,000 ಡಾಲರುಗಳಿಂದ, ಸಾಗರದಾಚೆಗೆ ಸಂದೇಶವನ್ನು ಕಳುಹಿಸುವ ಗೋಪುರವು ಏಳತೊಡಗಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಾರ್ಕೋನಿಯು ಕಡಮೆ ಖರ್ಚಿನ ಸಾಧನಗಳಿಂದ ಅಟ್ಲಾಂಟಿಕ್ಕಿನಾಚೆಗೆ ಸಂಕೇತವನ್ನು ಮುಟ್ಟಿಸಿದುದಾಗಿ ಪ್ರಕಟಿಸಿದನು. ಸಂದೇಶವನ್ನಲ್ಲದೆ ಶಕ್ತಿಯನ್ನೂ ಭೂಮಿಯ ಮೂಲಕ ಲೋಕಕ್ಕೆಲ್ಲ ಹಂಚುವೆನೆಂದು ಟೆಸ್ಲಾ ಹೊರಟನು. ಮಾರ್ಗನ್ ಮತ್ತೆ ಹಣ ಕೊಡಲಿಲ್ಲ. ಕೆಲಸವು ನಿಂತಿತು; 1917ರಲ್ಲಿ ಗೋಪುರವನ್ನು ಕೆಡವಿದರು. ಇದಕ್ಕೆ ಧನಿಕನ ಲೋಭವನ್ನು ಮಾತ್ರ ಹೊಣೆಮಾಡುವುದು ಸುಲಭ. ಆದರೆ ದೂರಕ್ಕೆ ಶಕ್ತಿಯನ್ನು ಸಾಗಿಸುವ ಆ ಯೋಜನೆಯು ಪ್ರಯೋಗದಿಂದ ಸಿದ್ಧವಾಗಿರಲಿಲ್ಲವೆಂಬುದೂ, ಹರ್ಟ್ಸನ ತರಂಗಗಳ ಉಪಯೋಗವನ್ನು ಟೆಸ್ಲಾ ಕೀಳಾಗಿ ಕಂಡನೆಂಬುದೂ ಅಷ್ಟೇ ನಿಜ. ಅತ್ತ, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1943ರ ಜೂನ್ ತಿಂಗಳಲ್ಲಿ ಲಾಡ್ಜ್, ಟೆಸ್ಲಾ, ಸ್ಟೋನ್ ಎಂಬವರ ಹಿಂದಿನ ಕೆಲಸವನ್ನು ಎತ್ತಿ ಹೇಳಿ, ಮಾರ್ಕೋನಿಯ ಮುಖ್ಯ ಪೇಟೆಂಟಿನ ಹಲವು ಹಕ್ಕುಗಳನ್ನು ತಳ್ಳಿಹಾಕಿತು. ತೀರ್ಪನ್ನು ಕೇಳಲು ಟೆಸ್ಲಾ ಬದುಕಿರಲಿಲ್ಲ.

ಭಾರತೀಯರಿಗೆ ಪ್ರಿಯವಾದ ಪ್ರಸಂಗವೊಂದಿದೆ. 1896ರಲ್ಲಿ ನ್ಯೂಯಾರ್ಕಿನಲ್ಲಿ ಟೆಸ್ಲಾ ಸ್ವಾಮಿ ವಿವೇಕಾನಂದರನ್ನು ಕಂಡು, ಪ್ರಾಣ ಮತ್ತು ಆಕಾಶಗಳ ವಿಷಯದಲ್ಲಿ ಅವರು ಹೇಳಿದ ವೇದಾಂತವಿಚಾರವನ್ನು ಆಸಕ್ತಿಯಿಂದ ಕೇಳಿದನು. ದ್ರವ್ಯವೂ ಶಕ್ತಿಯೂ ಮೂಲದಲ್ಲಿ ಒಂದೇ ಎಂಬುದನ್ನು ಆತನು ಗಣಿತದಿಂದ ತೋರಿಸುವನೆಂದು ಸ್ವಾಮಿಗಳು ತಮ್ಮ ಪತ್ರವೊಂದರಲ್ಲಿ ಆಶೆಯನ್ನು ಸೂಚಿಸಿದರು. ಆ ಗಣಿತವು ಟೆಸ್ಲಾನಿಂದ ಬರಲಿಲ್ಲ. ದ್ರವ್ಯಶಕ್ತಿಗಳ ಸಂಬಂಧವನ್ನು 1905ರಲ್ಲಿ ಐನ್‌ಸ್ಟೈನನು ಬೇರೊಂದು ಮಾರ್ಗದಿಂದ ಸ್ಥಾಪಿಸಿದನು. ಆತನ ಸಾಪೇಕ್ಷತಾವಾದವನ್ನು ಟೆಸ್ಲಾ ಒಪ್ಪಲೇ ಇಲ್ಲ. ಹೀಗಿರಲು ಟೆಸ್ಲಾನ ಯಂತ್ರಗಳೆಲ್ಲವೂ ನಮ್ಮ ಉಪನಿಷತ್ತುಗಳಿಂದ ಹುಟ್ಟಿದುವೆಂದು ಸಭೆಗಳಲ್ಲಿ ಸಾರುವ ದೇಶಾಭಿಮಾನಿಗಳಿಗೆ ನಾವು ವಿನಯಪೂರ್ವಕವಾಗಿ ಹೇಳುವುದೇನೆಂದರೆ, ಆತನ ತಿರುಗುವ ಕಾಂತಕ್ಷೇತ್ರವೂ ಕಿಡಿಯ ಸುರುಳಿಯೂ ಆ ಭೇಟಿಗಿಂತ ಹಿಂದಿನವು. ವೇದಾಂತಕ್ಕೆ ಇಂತಹ ಸಾಕ್ಷ್ಯದ ಅಗತ್ಯವಿಲ್ಲ. ದೇಶಕ್ಕಂತೂ ಸುಳ್ಳು ಹೆಮ್ಮೆಯಿಂದ ಹಾನಿಯೇ ಹೊರತು ಲಾಭವಿಲ್ಲ. ನಿಜವಾದ ಹೆಮ್ಮೆಗೆ ಕಾರಣ ಬೇಕಾದರೆ ಜಗದೀಶಚಂದ್ರ ಬೋಸರಿದ್ದಾರೆ. ಅವರು 1895ರಲ್ಲಿ ಕಲ್ಕತ್ತೆಯಲ್ಲಿ ಇದೇ ಕಿಡಿಯಿಂದ ಅತಿ ಸಣ್ಣ ವಿದ್ಯುತ್ತರಂಗಗಳನ್ನು ಎಬ್ಬಿಸಿ ಗೋಡೆಗಳ ಮೂಲಕ ಹಾಯಿಸಿದರು. ಅದು ಸ್ವದೇಶದ ಕುಶಲಕರ್ಮಿಗಳ ಕೈಯಲ್ಲಿ ಸಿದ್ಧವಾದ ಉಪಕರಣಗಳಿಂದ ನಡೆದ ಅಳತೆಯ ವಿಜ್ಞಾನ.

ಟೆಸ್ಲಾನ ಕೊನೆಯ ವರ್ಷಗಳು ಹೋಟೆಲುಗಳಲ್ಲಿ ಒಂಟಿಯಾಗಿ ಕಳೆದುವು. ಮದುವೆಯಾಗಲಿಲ್ಲ, ಹಣ ಉಳಿಯಲಿಲ್ಲ, ಬೀದಿಯ ಪಾರಿವಾಳಗಳಿಗೆ ಕಾಳು ಹಾಕುವುದೇ ಪ್ರೀತಿಯ ಕೆಲಸವಾಯಿತು. ಎಡಿಸನ್ನನ ಹೆಸರಿನ ಪದಕವನ್ನು 1917ರಲ್ಲಿ ಆತನಿಗೆ ಕೊಟ್ಟರು. 1934ರಿಂದ ವೆಸ್ಟಿಂಗ್‌ಹೌಸ್ ಸಂಸ್ಥೆಯು ತಿಂಗಳಿಗೆ 125 ಡಾಲರುಗಳನ್ನೂ ಕೊಠಡಿಯ ಬಾಡಿಗೆಯನ್ನೂ ಕೊಡುತ್ತ ಬಂದಿತು. 1943ರ ಜನವರಿ 7ರಂದು ಹೋಟೆಲ್ ನ್ಯೂಯಾರ್ಕರಿನ ಕೊಠಡಿಯಲ್ಲಿ 86ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. 1960ರಲ್ಲಿ ಕಾಂತಕ್ಷೇತ್ರದ ಅಳತೆಗೆ ಅಂತಾರಾಷ್ಟ್ರೀಯ ಸಭೆಯು ಟೆಸ್ಲಾ ಎಂದು ಹೆಸರಿಟ್ಟಿತು. ಆತನ ಚಿತಾಭಸ್ಮವು ಬೆಲ್‌ಗ್ರೇಡಿನ ವಸ್ತುಸಂಗ್ರಹಾಲಯದಲ್ಲಿದೆ. ಸರ್ಬಿಯದ ನೋಟಿನ ಮೇಲೂ, ಕ್ರೊಯೇಷಿಯದ ನಾಣ್ಯಗಳ ಮೇಲೂ ಆತನ ಮುಖವನ್ನು ಅಚ್ಚುಹಾಕಲಾಗಿದೆ. ಸತ್ತವನನ್ನು ತಮ್ಮವನೆನ್ನಲು ಎರಡು ದೇಶಗಳು ಮುಂದೆ ಬಂದವು. ಬದುಕಿದ್ದಾಗ ಆತನು ಪ್ರಯೋಗಶಾಲೆಗಾಗಿ ಧನಿಕರ ಬಾಗಿಲನ್ನು ಕಾಯಬೇಕಾಯಿತು.

ಈ ಜೀವನದಿಂದ ನಾವು ಕಲಿಯಬೇಕಾದುದು ಎರಡು. ಮೊದಲನೆಯದು, ಒಬ್ಬ ಧನಿಕನ ಮರ್ಜಿಗೆ ವಿಜ್ಞಾನವನ್ನು ಒಪ್ಪಿಸಬಾರದು. ಜಮಶೇಟ್‌ಜಿ ಟಾಟಾರವರ ದಾನವೂ ಮೈಸೂರು ಸಂಸ್ಥಾನದ ಭೂಮಿಯೂ ಕೂಡಿದ್ದರಿಂದ 1909ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರವು ಸ್ಥಾಪಿತವಾಯಿತು. 1911ರಲ್ಲಿ ಪಾಠ ಆರಂಭವಾದಾಗ ವಿದ್ಯುತ್ತಂತ್ರವೂ ಅದರ ಮೊದಲ ವಿಭಾಗಗಳಲ್ಲಿ ಒಂದಾಗಿತ್ತು. ದಾನಿಯು ಅಳಿದ ಮೇಲೂ ಕೆಲಸವು ನಡೆಯುವುದು ಇಂತಹ ಸಂಸ್ಥೆಗಳಿಂದಲೇ. ಎರಡನೆಯದು ನಮ್ಮ ಶಾಲೆಗಳಿಗೂ ಕಾರ್ಖಾನೆಗಳಿಗೂ ಸಂಬಂಧಿಸಿದ್ದು. ಚಿತ್ರವನ್ನು ನೋಡಿ ತಂತಿ ಜೋಡಿಸುವವನು ಎರಡು ಕ್ರಮಗಳನ್ನೂ ಒಂದೇ ಎಂದು ಎಣಿಸಿ ಟ್ರಾನ್ಸ್‌ಫಾರ್ಮರನ್ನು ಸುಟ್ಟುಕೊಳ್ಳುತ್ತಾನೆ. ಕಾರಣವನ್ನು ತಿಳಿದವನು ಅದನ್ನು ಉಳಿಸಿಕೊಳ್ಳುತ್ತಾನೆ. ಗ್ರಾಟ್ಸಿನ ತರಗತಿಯಲ್ಲಿ ಕಿಡಿಯೇಕೆ ಹಾರಬೇಕೆಂದು ಕೇಳಿದ ಹುಡುಗನಂತೆ ಕೇಳುವ ಮಕ್ಕಳು ನಮ್ಮ ಊರುಗಳಲ್ಲಿಯೂ ಇದ್ದಾರೆ. ಅವರ ಪ್ರಶ್ನೆಗೆ ಉಪಾಧ್ಯಾಯರು ಸಹನೆಯಿಂದ ಕಿವಿಗೊಡಲಿ. ಉತ್ತರವನ್ನು ಹುಡುಕಲು ಬೇಕಾದ ತಂತಿ, ಗಾಜು, ಅಳತೆಯ ಉಪಕರಣಗಳನ್ನು ಶಾಲೆಗಳಿಗೆ ಒದಗಿಸುವ ಕೆಲಸವನ್ನು ಅಧಿಕಾರಿಗಳೂ ಪೌರರೂ ಸೇರಿ ಕೈಕೊಳ್ಳಲೆಂದು ನಾವು ಕೋರುತ್ತೇವೆ.